ಹನ್ನೆರಡು ಮುಖದ ಆಕಾಶಬುಟ್ಟಿ

ಖಾಲಿ ರಟ್ಟಿನ ಡಬ್ಬಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಚಹಾಪುಡಿಯದಿರಲಿ, ಸೀರೆಯದಿರಲಿ, ಅಂಚು ಬಿಚ್ಚಿ ನೆಲದ ಮೇಲೆ ಹಾಸಿ ನೋಡಬೇಕು. ಒಂದೇ ಒಂದು ಹಾಳೆ ಮಡಚಿಕೊಂಡು ಆರು ಮುಖದ ಪೆಟ್ಟಿಗೆಯಾಗಿತ್ತಲ್ಲ ಎಂದು ಪ್ರತಿಸಲವೂ ಹೊಸದಾಗಿ ಖುಷಿಯಾಗುತ್ತದೆ. ಹೆಂಡತಿ ಸುಮಿತ್ರಾಳಿಗೆ ಆಗುವುದಿಲ್ಲ. "ಮಂದಿ ಮನ್ಯಾಗ ರದ್ದಿ ಹೊರಗ ಹೋಗ್ತದ, ನಮ್ಮ ಮನ್ಯಾಗ ಮಂಚದ ಬುಡಕ ಬೆಳೀತದ" ಎನ್ನುತ್ತಾಳೆ. ಸುಳ್ಳೇನಲ್ಲ.

ತೊಂಬತ್ತರ ದಶಕದ ಒಂದು ದೀಪಾವಳಿಗೆ ಆ ರದ್ದಿಗೂ ಯೋಗ ಕೂಡಿಬಂತು. ಪುಣೆಯಲ್ಲಿ ದೀಪಾವಳಿ ಎಂದರೆ ಮನೆಮನೆಯ ಮುಂದೆ ಆಕಾಶಬುಟ್ಟಿ ತೂಗಲೇಬೇಕು. ಸದಾಶಿವ ಪೇಠದ ನಮ್ಮ ಕಟ್ಟಡದವರೆಲ್ಲ ಅಂಗಡಿಯಿಂದ ತರುವವರೇ. ನಾನೋ, ಮೆಟ್ಟಿಲ ಮೇಲೆ ಸಿಕ್ಕ ಎದುರುಮನೆಯ ಜೋಶಿ ಕಾಕೂಗೆ, ಈ ಸಲ ನಮ್ಮದು ಮನೆಯಲ್ಲೇ ಮಾಡಿದ್ದು, ಹಬ್ಬದ ಮೊದಲ ಸಂಜೆಯೇ ಹಚ್ಚುತ್ತೇವೆ, ನೋಡಿ ಎಂದು ಮರಾಠಿಯಲ್ಲಿ ಜಂಬ ಕೊಚ್ಚಿಬಿಟ್ಟೆ. ಮರುದಿನ ಇಡೀ ಕಟ್ಟಡಕ್ಕೇ ಸುದ್ದಿ! ಇನ್ನು ಮಾನ ಉಳಿಯಬೇಕಾದರೆ ಆ ಸಂಜೆ ಅದು ಬೆಳಗಲೇಬೇಕು.

ಐದು ಮೂಲೆಯ ಹನ್ನೆರಡು ರಟ್ಟಿನ ತುಂಡು ಸೇರಿಸಿ ಚೆಂಡು ಮಾಡುವುದೆಂದು ಠರಾಯಿಸಿದೆ. ಇದರಲ್ಲೊಂದು ಸ್ವಾರಸ್ಯವಿದೆ, ಕೇಳಿ. ಆರು ಮೂಲೆಯವನ್ನು ಜೋಡಿಸಿದರೆ ಫರಸಿಯ ಕಲ್ಲಿನಂತೆ ನೆಲಕ್ಕೆ ಮಲಗಿಬಿಡುತ್ತವೆ, ಎಷ್ಟು ಸೇರಿಸಿದರೂ ಏಳುವುದಿಲ್ಲ. ಐದು ಮೂಲೆಯವಕ್ಕೆ ಆ ಸಮಾಧಾನವಿಲ್ಲ. ಮೂರು ಕೂಡಿಸಿದರೆ ನಡುವೆ ಸಂದು ಉಳಿಯುತ್ತದೆ. ಸಂದು ಮುಚ್ಚಲು ಹೋದರೆ ಮೂರೂ ಸೆಟೆದು ಮೇಲೇಳುತ್ತವೆ. ಹಾಗೆ ಏಳುತ್ತ ಏಳುತ್ತಲೇ ದುಂಡಗಾಗುತ್ತವೆ! ಶಾಲೆಯಲ್ಲಿ ಮಾಸ್ತರರು ಇದನ್ನು ತೋರಿಸಿದ್ದರೆ ಗಣಿತದಲ್ಲಿ ನಾನೂ ಮನುಷ್ಯನಾಗುತ್ತಿದ್ದೆ.

ಒಂದೊಂದು ತುಂಡಿನ ನಡುವೆಯೂ ಕಿಟಕಿ ಕೊಯ್ದು ಗಾಳಿಪಟದ ಬಣ್ಣದ ಕಾಗದ ಹಚ್ಚಿದೆ. ಅಕ್ಷರವಿದ್ದ ಬದಿ ಒಳಗೆ, ಸಾದಾ ಬದಿ ಹೊರಗೆ. ಮೈದಾ ಅಂಟಿನಿಂದ ಅಂಚಿಗೆ ಅಂಚು ಕೂಡಿಸುತ್ತ ಬಂದು, ಹಬ್ಬದ ಮಧ್ಯಾಹ್ನ ಕೊನೆಯ ಮುಖವನ್ನೂ ಕೂರಿಸಿದೆ. ಅಬ್ಬಬ್ಬಾ, ಏನು ಚೆಂಡು ಅಂತೀರಿ! ಎತ್ತಿಕೊಂಡು ಮನೆಯೆಲ್ಲ ತಿರುಗಿದೆ, ಕುಣಿಯುವುದೊಂದು ಬಾಕಿ. ಕರ್ಚಿಕಾಯಿ ಕರಿಯುತ್ತಿದ್ದ ಸುಮಿತ್ರಾ ಬಂದು ಸುತ್ತಲೂ ತಿರುಗಿಸಿ ನೋಡಿದಳು.

"ಭಾಳ ಚಂದ ಆಗೇದ್ರಿ. ಆದ್ರ ಬಲ್ಬ್ ಎಲ್ಲಿಂದ ಹಾಕಾವ್ರು ನೀವು?"

ಬಾಗಿಲೇ ಇಲ್ಲದ ಮನೆ ಕಟ್ಟಿದ್ದೆ! ಒಂದು ಮುಖ ಕೊಯ್ಯದೆ ಗತಿಯಿಲ್ಲ, ಕೊಯ್ಯಲು ಕೈ ಬಾರದು. "ಕೊಡ್ರಿಲ್ಲೆ, ಹೊತ್ತ ಮುಳಗ್ಲಿಕ್ಕೆ ಬಂತು" ಎಂದವಳೇ ಕತ್ತರಿ ತಂದು ಒಂದನ್ನು ಕರಕರ ತೆಗೆದೇಬಿಟ್ಟಳು.

ಕೊಯ್ದ ಕಡೆ ಬೀದಿಗೆ ಕಾಣಬಾರದೆಂದು ಮನೆಯತ್ತ ತಿರುಗಿಸಿ ಗ್ಯಾಲರಿಯಲ್ಲಿ ತೂಗುಹಾಕಿದೆ. ಗುಂಡಿ ಒತ್ತಿದ್ದೇ ತಡ, ಕೆಳಗೆ ಬೀದಿಯಲ್ಲಿ ನಿಂತಿದ್ದ ಕಾಕೂ "ಅಗಂಬಾಯಿ, ಕಿತೀ ಸುಂದರ!" ಎಂದು ಕೂಗಿಬಿಟ್ಟರು. ಮಾನ ಉಳಿಯಿತು! ಹಿಗ್ಗಿ ಹೀರೇಕಾಯಿಯಾಗಿ ಒಳಗೆ ಬಂದು ತಿರುಗಿ ನೋಡಿದರೆ, ನಮ್ಮ ಪಾಲಿಗೆ ಹರಕು ಅಂಚು, ಅಂಟಿನ ಕಲೆ, ಹಲ್ಲುಪುಡಿಯ ಜಾಹೀರಾತು, ನಡುವೆ ಬರಿಯ ಬಲ್ಬು.

ಸುಮಿತ್ರಾ ಮಾತ್ರ ಕೋಣೆಯ ದೀಪ ಆರಿಸಿ, ಆ ತೂತಿನಿಂದ ಬೀಳುವ ಬೆಳಕಿನಲ್ಲೇ ಕೂತು ಕರ್ಚಿಕಾಯಿ ಡಬ್ಬಿಗೆ ತುಂಬತೊಡಗಿದಳು. ನಾನೂ ಪಕ್ಕದಲ್ಲಿ ಕೂತೆ. ಹನ್ನೊಂದು ಮುಖಗಳು ಬೀದಿಗೆ ಶೋಭೆ ಕೊಟ್ಟವು, ನಿಜ. ನಮಗೆ ಬೆಳಕು ಕೊಟ್ಟದ್ದು ಕೊಯ್ದು ಕೆಡಿಸಿದ ಆ ಒಂದೇ.