ಹೋಲ್ಡಾನ್

ಮೊನ್ನೆ ಯಲಹಂಕದ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರ ಗೊರಕೆ ಥಟ್ಟನೆ ನಿಂತಿತು. ಬಸ್ಸಿಗೆ ಬಸ್ಸೇ ನಿಟ್ಟುಸಿರು ಬಿಟ್ಟರೆ ನನ್ನೊಬ್ಬನ ಎದೆ ಹೊಡೆದುಕೊಳ್ಳತೊಡಗಿತು. ಮೊಣಕೈಯಿಂದ ತಿವಿದೇಬಿಟ್ಟೆ. ಅವರು ಕಣ್ಣುಬಿಟ್ಟು ನೋಡಿದ ನೋಟವನ್ನು ನೀವು ನೋಡಬೇಕಿತ್ತು. ಆದರೆ ತಪ್ಪು ನನ್ನದಲ್ಲ, ನಮ್ಮ ದೊಡ್ಡಪ್ಪನದು.

ಯಶವಂತಪುರದ ಕಡೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಸೋಲದೇವನಹಳ್ಳಿಯ ಕಾಲೇಜಿಗೆ ಹತ್ತಿರವೆಂದು ನಾನು ಶೆಟ್ಟಿಹಳ್ಳಿಯಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದೆ. ಅವರು ನಿವೃತ್ತ ಬಸ್ ಡ್ರೈವರ್. ಹಗಲಲ್ಲಿ ಇರುವೆಗೂ ದಾರಿ ಬಿಡುವ ಮನುಷ್ಯ, ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ ಕಿಟಾರನೆ ಕಿರುಚಿ ಏಳುತ್ತಿದ್ದರು. ಬೆಳಿಗ್ಗೆ ಕೇಳಿದರೆ, "ನಾನಾ? ನೀನೇ ಕನಸು ಕಂಡಿರ್ಬೇಕು ಕಣೋ."

ಕಾರಣ ಹೇಳುವವರಿಗೆ ಬರವಿರಲಿಲ್ಲ. ದೊಡ್ಡಮ್ಮನ ಪ್ರಕಾರ ಸಂಜೆಯ ಬೋಂಡ. ಎದುರುಮನೆಯವರ ಪ್ರಕಾರ ಕಡಿದು ಹಾಕಿದ ಹುಣಸೆಮರದ ದೆವ್ವ. ವಿಜ್ಞಾನದ ವಿದ್ಯಾರ್ಥಿಯಾದ ನಾನು, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಜೀವಮಾನವಿಡೀ ನುಂಗಿಕೊಂಡ ಬೈಗುಳಗಳು ಈಗ ಹೊರಬರುತ್ತಿವೆ ಎಂದು ಗಂಭೀರವಾಗಿ ಘೋಷಿಸಿದ್ದೆ. ಬೋಂಡ ನಿಂತಿತು, ಬಾಗಿಲಿಗೆ ನಿಂಬೆಹಣ್ಣು ಬಂತು. ಕಿರುಚಾಟ ಮಾತ್ರ ಎಂದಿನಂತೆ.

ಒಂದು ಬೇಸಿಗೆಯಲ್ಲಿ ಇಬ್ಬರೂ ತಾರಸಿಯ ಮೇಲೆ ಮಲಗಿದ್ದೆವು. ಅದರ ಒಂದು ಬದಿಗೆ ಮೋಟುಗೋಡೆಯೇ ಇರಲಿಲ್ಲ. ಕಿರುಚಾಟಕ್ಕೆ ಎದ್ದು ನೋಡಿದರೆ ದೊಡ್ಡಪ್ಪ ಕಣ್ಣು ತೆರೆದುಕೊಂಡೇ ಅತ್ತ ದಾಪುಗಾಲು ಹಾಕುತ್ತಿದ್ದಾರೆ. ಕರೆದೆ, ಕೇಳಿಸಲಿಲ್ಲ. ಓಡಹೋದರೆ ಚಾಪೆ ಕಾಲಿಗೆ ಸುತ್ತಿಕೊಂಡಿತು. ಬಿದ್ದಲ್ಲಿಂದಲೇ, ಬಸ್ ನಿಲ್ಲಿಸಲು ಕಂಡಕ್ಟರುಗಳು ಕೂಗುವ ಮಾತು ಅದೆಲ್ಲಿಂದಲೋ ಗಂಟಲಿಗೆ ಬಂತು.

"ಹೋಲ್ಡಾನ್!"

ದೊಡ್ಡಪ್ಪ ಬಲಗಾಲನ್ನು ನೆಲಕ್ಕೆ ಒತ್ತಿ ನಿಂತುಬಿಟ್ಟರು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಕೆಳಗೆ ರಸ್ತೆ.

"ಯಾರ್ರೀ ಇಳಿಯೋರು?" ಎಂದರು.

"ನಾವಿಬ್ರೇ ದೊಡ್ಡಪ್ಪ. ಮೆಟ್ಲಲ್ಲಿ."

ಕೈಹಿಡಿದು ಇಳಿಸಿದೆ. ಅರ್ಧ ಮೆಟ್ಟಿಲಲ್ಲಿ ನನಗೆ ತಡೆಯಲಾರದ ನಗು. ಈಗಲೂ ಕೆಲವೊಮ್ಮೆ ನೆನಪಿನಲ್ಲಿ ನಾನು ಕೂಗುವುದು ತಡವಾಗಿಬಿಡುತ್ತದೆ.

ಡಾಕ್ಟರು ಬೋಂಡವನ್ನೂ ದೆವ್ವವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ವಯಸ್ಸಾದವರು ಹೀಗೆ ಬೆಚ್ಚಿ ಏಳಲು ಜ್ವರ, ಮಾತ್ರೆ, ಮನಸ್ಸಿನ ಭಾರ ಎಂದು ಕಾರಣಗಳು ಹಲವಂತೆ. ಆಮೇಲೆ, ಗೊರಕೆ ನಡುನಡುವೆ ನಿಲ್ಲುತ್ತದೆಯೇ ಎಂದರು. ದೊಡ್ಡಮ್ಮನ ಮುಖ ಅರಳಿತು.

"ನಿಲ್ಲುತ್ತೆ ಡಾಕ್ಟ್ರೇ. ನಾವು ನಿದ್ದೆ ಮಾಡೋದೇ ಆವಾಗ."

"ಅಮ್ಮಾ, ಆವಾಗ ನಿಲ್ಲೋದು ಬರೀ ಗೊರಕೆ ಅಲ್ಲ, ಉಸಿರು."

ಪರೀಕ್ಷೆಯಲ್ಲೂ ಅದೇ ಬಂತು. ಉಸಿರು ಸಿಕ್ಕದ ಮೈ ಗಾಬರಿಬಿದ್ದು ಅರೆನಿದ್ದೆಯಲ್ಲೇ ಎದ್ದು ಓಡುತ್ತಿತ್ತು. ಮೂಗಿಗೆ ಗಾಳಿ ಊದುವ ಮಿಷನ್ ಬಂದಮೇಲೆ ದೊಡ್ಡಪ್ಪ ಅದಕ್ಕೆ ಕಂಡಕ್ಟರ್ ಎಂದು ಹೆಸರಿಟ್ಟರು. ಇವತ್ತಿಗೂ ಅವನಿಲ್ಲದೆ ಗಾಡಿ ತೆಗೆಯುವುದಿಲ್ಲ.

ತಿವಿದದ್ದಕ್ಕೆ ಸಮಜಾಯಿಷಿಯಾಗಿ ಇಷ್ಟನ್ನೂ ಪಕ್ಕದ ಹಿರಿಯರಿಗೆ ಹೇಳಿದೆ. ಕೋಪದಲ್ಲಿ ಕೇಳತೊಡಗಿದವರು ತಾರಸಿಯ ಹೊತ್ತಿಗೆ ನಗುತ್ತಿದ್ದರು, ಡಾಕ್ಟರ ಹೊತ್ತಿಗೆ ನನ್ನತ್ತ ತಿರುಗಿ ಕೂತರು. ಅಷ್ಟರಲ್ಲಿ ಕಂಡಕ್ಟರ್ ಹೋಲ್ಡಾನ್ ಎಂದ. ನನ್ನ ಬಲಗಾಲು ತಾನಾಗಿ ನೆಲ ಒತ್ತಿತು. ಅದು ಅವರ ಸ್ಟಾಪು. ಅವರು ಏಳಲಿಲ್ಲ.

"ನಂದು ಎಷ್ಟೊತ್ತು ನಿಂತಿತ್ತು?" ಎಂದು ಮೆಲ್ಲಗೆ ಕೇಳಿದರು.