ಚೆಲ್ಲೊಗೆ ಸರಳು ಹಾಕಿಸದವರು

ನಮ್ಮ ಯಜಮಾನರು ನಾಲ್ವರ ತಂಡದಲ್ಲಿ ಚೆಲ್ಲೊ ನುಡಿಸುತ್ತಿದ್ದರು. ಅದು ಪೀಪಾಯಿಯಷ್ಟು ದೊಡ್ಡ ಪಿಟೀಲು. ಇನ್ನೂರು ವರ್ಷದ ಹಿಂದಿನವರಂತೆಯೇ ನುಡಿಸಬೇಕೆಂಬುದು ಆ ನಾಲ್ವರ ಹಟ. ಆಗ ಚೆಲ್ಲೊಗೆ ನೆಲಕ್ಕೂರುವ ಸರಳು ಇರಲಿಲ್ಲವಂತೆ. ಇವರು ಅದನ್ನು ಮೊಣಕಾಲುಗಳ ನಡುವೆ ಅವುಚಿಕೊಂಡು ನುಡಿಸಿ, ಮನೆಗೆ ಕುಂಟುತ್ತಾ ಬರುತ್ತಿದ್ದರು.

“ಒಂದು ಸರಳು ಹಾಕಿಸ್ರೀ.”

“ಆ ಕಾಲದಲ್ಲಿ ಇರ್ಲಿಲ್ಲ ಕಣೇ.”

“ಮಂಡಿಗೆ ಮುಲಾಮೂ ಇರ್ಲಿಲ್ಲ. ಕೊಡಿ ಆ ಡಬ್ಬಿ!”

ಅವರು ತೀರಿಕೊಂಡ ಮೇಲೆ ಉಳಿದ ಮೂವರು ಒಬ್ಬ ಹೊಸಬನನ್ನು ಕರೆತಂದು ಚೆಲ್ಲೊ ಕೇಳಿದರು. ಕೊಡಲು ಮನಸ್ಸೇ ಬರಲಿಲ್ಲ. ಅಷ್ಟರಲ್ಲಿ ಹೊಸಬ, “ಅಕ್ಕಾ, ನಂಗೆ ಮಂಡಿನೋವು. ಸರಳು ಹಾಕಿಸ್ಕೊಳ್ಲಾ?” ಎಂದ.

ಜೀವಮಾನವಿಡೀ ನಾನು ಆಡಿದ ಮಾತೇ. ಆದರೂ ಮೈಯೆಲ್ಲ ಉರಿಯಿತು.

“ಸರಳಿಗೆ ಅಂತ ಅದಕ್ಕೆ ತೂತು ಕೊರೆದ್ರೆ ಕಾಲು ಮುರೀತೀನಿ!”

ಅವನು ಬೆಚ್ಚಿ, ಚೆಲ್ಲೊ ತೆಗೆದುಕೊಂಡು ಯಜಮಾನರ ಹಾಗೇ ಮೊಣಕಾಲುಗಳ ನಡುವೆ ಅವುಚಿ ಕೂತ. ನಾನು ಒಳಗೆ ಹೋಗಿ ಅತ್ತು ಬಂದೆ. “ತಗೊಂಡ್ಹೋಗು” ಎಂದೆ.