ಕೆಂಪು ದಾರದ ಹುಂಜ

ನಾಯಂಡಹಳ್ಳಿಯ ಗ್ಯಾರೇಜ್ ಬೀದಿಯವರು ಒಂದು ಮಾತು ಹೇಳುತ್ತಿದ್ದರು: ಎಳೆ ಕೂಸನ್ನು ಎತ್ತಿಕೊಂಡು ಹೋಗಿ ತೋರಿಸಿದರೂ ಮುನಿತಾಯಮ್ಮ ಮುಖಕ್ಕಿಂತ ಮೊದಲು ಕಾಲ್ಬೆರಳು ನೋಡುತ್ತಾರೆ. ಸುಳ್ಳೇನಲ್ಲ. ಬಾಡಿಗೆ ಮನೆಯ ತಾರಸಿಯ ಮೇಲೆ ಮೂವತ್ತು ವರ್ಷ ಪ್ರದರ್ಶನದ ಕೋಳಿ ಸಾಕಿದವರ ಕಣ್ಣು ಅದು.

ಮರಿಯ ಬೆರಳು ಸೊಟ್ಟಗಿದ್ದರೆ ಹುಟ್ಟಿದ ದಿನವೇ ಬೆಂಕಿಕಡ್ಡಿಯ ಚೂರು ಆನಿಸಿ ಪಟ್ಟಿ ಸುತ್ತುತ್ತಿದ್ದರು. ನಾಲ್ಕು ದಿನಕ್ಕೆ ಬೆರಳು ನೆಟ್ಟಗಾಗುತ್ತಿತ್ತು. ಆಮೇಲೆ ಆ ಕಾಲಿಗೊಂದು ಕೆಂಪು ದಾರ. ದಾರ ಬಿದ್ದ ಕೋಳಿಗೆ ಮೇವುಂಟು, ಮುದ್ದುಂಟು, ಸ್ಪರ್ಧೆಯಿಲ್ಲ, ಸಂತಾನವಿಲ್ಲ. ತಿದ್ದಿದ ಬೆರಳು ತೋರಿಸಿ ಕಪ್ ತರುವುದು ಮೋಸ ಎನ್ನುವರು. ಆ ಸೊಟ್ಟು ಅದರ ಮರಿಗಳಿಗೂ ಇಳಿದೀತೆಂಬ ಭಯ ಬೇರೆ.

ಹೀಗೆ ಸೋಸಿ ಸೋಸಿ ಕೊನೆಗೆ ದಾರವಿಲ್ಲದೆ ಉಳಿದದ್ದು ಒಂದೇ ಹುಂಜ. ಕಪ್ ಗೆದ್ದದ್ದು, ಬೆರಳೆಲ್ಲ ಗೆರೆ ಎಳೆದಂತೆ ನೇರ. ಆದರೆ ಎರಡು ಸಲ ಮೊಟ್ಟೆ ಕಾವಿಗಿಟ್ಟರೂ ಅದರಿಂದ ಒಂದು ಮರಿಯೂ ಆಗಲಿಲ್ಲ. ಅಷ್ಟರಲ್ಲಿ ಮನೆ ಮಾಲೀಕರು ಕಟ್ಟಡ ಕೆಡವಬೇಕೆಂದರು. ಕೆಂಗೇರಿಯ ಹೊಸ ಮನೆಯಲ್ಲಿ ಒಂದು ಹುಂಜ, ಎರಡು ಹೇಟೆಗಷ್ಟೇ ಜಾಗ. ಈ ಹುಂಜವನ್ನೇ ಒಯ್ದರೆ ತಳಿ ಅಲ್ಲಿಗೆ ಮುಗಿಯಿತು.

ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಕೋಕಿಲಾಳ ಮುಂದೆ ಹೇಳಿಕೊಂಡು ಕಣ್ಣೊರೆಸಿಕೊಂಡರು. ಕೋಕಿಲಾ ಒಳಗಿಂದ ಬುಟ್ಟಿ ತಂದಿಟ್ಟಳು. ಒಂಬತ್ತು ಮರಿ. ಮುನಿತಾಯಮ್ಮನೇ ಸಾಕಿಕೋ ಎಂದು ಅವಳಿಗೆ ಕೊಟ್ಟಿದ್ದ ಒಂದು ಹೇಟೆ, ತಾರಸಿಯಲ್ಲಿ ಅವಳು ಗುಟ್ಟಾಗಿ ಅದರ ಜೊತೆ ಬಿಟ್ಟಿದ್ದ ದಾರದ ಹುಂಜ ಕೆಂಚ, ಇವೆರಡರ ಮರಿಗಳು.

"ಬೈಬೇಡಿ ಆಂಟಿ. ಕೇಳಿದ್ರೆ ನೀವು ಬೇಡ ಅಂತಿದ್ರಿ."

ಬೈಯಲಿಲ್ಲ. ಒಂದೊಂದನ್ನೇ ಎತ್ತಿ ಎಪ್ಪತ್ತೆರಡು ಬೆರಳನ್ನೂ ನೋಡಿದರು. ಒಂದೇ ಒಂದು ಬೆರಳು ಚೂರು ವಾಲಿತ್ತು.

"ನಿಮ್ದೂ ಎಡಗಾಲಿನ ಕಿರುಬೆರಳು ಸೊಟ್ಟ ತಾನೇ ಆಂಟಿ? ಮೂರು ಮಕ್ಳು ಹೆತ್ತಿಲ್ವಾ?"

ಮುನಿತಾಯಮ್ಮ ತಮ್ಮ ಕಾಲನ್ನೊಮ್ಮೆ ನೋಡಿಕೊಂಡು, ಸೆರಗು ಬಾಯಿಗಿಟ್ಟು ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಅಂದರು: "ಇಷ್ಟಕ್ಕೇ ಎಷ್ಟು ಜೀವಾನ ಆಚೆ ಇಟ್ಬಿಟ್ಟೆ ಕಣೇ."

ಹೊರಡುವ ದಿನ ಕಪ್ ಗೆದ್ದ ಹುಂಜ ಕೋಕಿಲಾಳ ಪಾಲಾಯಿತು. ನೇರ ಬೆರಳಿನ ಎರಡು ಹೇಟೆ ಬುಟ್ಟಿ ಸೇರಿದವು. ಕೆಂಚನ ದಾರ ಬಿಚ್ಚಲಿಲ್ಲ. ಸ್ಪರ್ಧೆಗೆ ಅವನು ಈಗಲೂ ಸಲ್ಲ. ಕಂಕುಳಲ್ಲಿ ಅವನನ್ನು ಅವುಚಿಕೊಂಡು ಮೆಟ್ಟಿಲಿಳಿದರು. ಕೋಳಿ ಸೀಟು ಗಲೀಜು ಮಾಡುತ್ತದೆಂದು ಆಟೋದವನು ಗೊಣಗಿದ. ಮುನಿತಾಯಮ್ಮ ಹತ್ತಿ ಕೂತು, ಕೆಂಚನನ್ನು ತೊಡೆಯ ಮೇಲಿಟ್ಟುಕೊಂಡು, "ಮಕ್ಕಳೊಂದಿಗನಪ್ಪ ಇವ್ನು, ನಿಧಾನಕ್ಕೆ ನಡಿ" ಎಂದರು.